ನಂಬರ್ ಒಂದು

ಪಣಜಿಯಿಂದ ಬಂದ ಸುತ್ತೋಲೆ ಎರಡೇ ಸಾಲು:
ಹಾಜರಿ ಪುಸ್ತಕದಲ್ಲಿ ಮೊದಲು ಹುಡುಗರು, ಆಮೇಲೆ ಹುಡುಗಿಯರು
ಇನ್ನು ಬೇಡ. ಎಲ್ಲರೂ ಅಕಾರಾದಿ.

ಅದಕ್ಕೂ ಮುಂಚೆ ಮೂರು ದಿನ ತರಬೇತಿ.
ಫ್ಯಾನಿನ ಕೆಳಗೆ ಕೂತು ‘ಸಮಾನತೆ’ ಎಂದು ಬರೆದುಕೊಂಡೆ.
ಒಂದು ಫೈಲು, ಒಂದು ಪೆನ್ನು, ಊಟಕ್ಕೆ ಸೋಲ್‌ಕಡಿ.
ವಾಸ್ಕೋ ಬಸ್ಸಿನಲ್ಲಿ ನಿಂತೇ ಬಂದು
ಮನೆಯಲ್ಲಿ ಅಕ್ಕಿ ತೊಳೆದೆ.

ಭಾನುವಾರ ರಾತ್ರಿ ಹೊಸ ಪುಸ್ತಕ ಬಿಚ್ಚಿದೆ.
ನಲವತ್ತಮೂರು ಹೆಸರು. ಬಾಗಲಕೋಟೆ, ಗದಗ, ಕುಷ್ಟಗಿ, ಇಂಡಿ,
ಊರು ಬಿಟ್ಟರೂ ಅಡ್ಡಹೆಸರು ಬಿಡದವರು.
ಹಳೆಯದರಲ್ಲಿ ಇಪ್ಪತ್ನಾಲ್ಕು ಗಂಡುಮಕ್ಕಳ ಕಾಲಡಿ ಕೆಂಪು ಗೆರೆ,
ಗೆರೆಯ ಕೆಳಗೆ ಹೆಣ್ಣುಮಕ್ಕಳು.
ನಾನೂ ಅಂಥದೇ ಗೆರೆಯ ಕೆಳಗೆ ಕಲಿತವಳು, ಹುಬ್ಬಳ್ಳಿಯಲ್ಲಿ,
ನಂಬರ್ ಐವತ್ತೆರಡು;
ನನ್ನ ಸರದಿ ಬರುವಷ್ಟರಲ್ಲಿ ಮಾಸ್ತರರು
ಪುಸ್ತಕ ಅರ್ಧ ಮುಚ್ಚಿರುತ್ತಿದ್ದರು.
ಈ ಸಲ ಸ್ಕೇಲು ಸುಮ್ಮನೆ ಬಿದ್ದಿತ್ತು.

ನಂಬರ್ ಒಂದು: ಅನಸವ್ವ ತಳವಾರ.
ಇಪ್ಪತ್ತೊಂಬತ್ತು: ಯಲಗೂರೇಶ ತಳವಾರ, ಅವಳ ತಮ್ಮ.
ವರ್ಷ ದೊಡ್ಡವಳಾದರೂ ಒಂದೇ ಕ್ಲಾಸು.
ಅವನ ಕೈಹಿಡಿದು ತರಲು ಯಾರಾದರೂ ಬೇಕಲ್ಲ,
ಅವನಿಗೆ ಆರು ತುಂಬುವ ತನಕ ಅವಳು ಕಾದಳು.

ಸೋಮವಾರ. ಝುವಾರಿನಗರದ ಮೇಲೆ ದಾಬೋಳಿಗೆ ಇಳಿಯುವ ವಿಮಾನ,
ಗೊಬ್ಬರ ಕಾರ್ಖಾನೆಯ ವಾಸನೆ, ಪಾವ್ ಮಾರುವವನ ಹಾರ್ನ್.
“ನಂಬರ್ ಒಂದು” ಎಂದೆ.
ಸದ್ದಿಲ್ಲ.
ಮತ್ತೆ ಎಂದೆ.
ಮುಖಗಳೆಲ್ಲ ಬಾಗಿಲ ಕಡೆ ಹೊರಳಿದವು.

ಈ ಮೌನ ಹೊಸದೇನಲ್ಲ.
ಇಷ್ಟು ದಿನ ಇಪ್ಪತ್ತೈದನೆಯದಾಗಿ ಗದ್ದಲದಲ್ಲಿ ಮುಳುಗುತ್ತಿತ್ತು;
ನಾನೂ ತಲೆ ಎತ್ತದೆ ‘ಗೈ’ ಬರೆದು ಮುಂದಕ್ಕೆ ಜಾರುತ್ತಿದ್ದೆ.
ಈಗ ಎಲ್ಲರಿಗಿಂತ ಮೊದಲು ಬಂದು
ಕ್ಲಾಸಿನ ನಡುವೆ ನಿಂತಿತು, ಖಾಲಿ ಕೊಡದ ಹಾಗೆ.

“ಎಲ್ಲಿ ನಿಮ್ಮಕ್ಕ?”
ಯಲಗೂರೇಶ ಎದ್ದ. ಎಣ್ಣೆ ಹಚ್ಚಿ ಬಾಚಿದ ತಲೆ,
ಬಾಚಿದ್ದು ಅವಳೇ ಇರಬೇಕು.
“ಟ್ಯಾಂಕರ್ ಬಂದೈತ್ರೀ ಟೀಚರ್. ಪಾಳಿಗೆ ನಿಂತಾಳ.”
“ನೀ ಯಾಕ ನಿಂತಿಲ್ಲ?”
ಹಟವಿರಲಿಲ್ಲ ಮುಖದಲ್ಲಿ.
ಕಲಿಸದೇ ಇದ್ದ ಲೆಕ್ಕ ಕೇಳಿದಂತೆ
ಬೆರಳು ಮಡಿಚಿ, ಬಿಚ್ಚಿದ.
ಹಿಂದಿನ ಬೆಂಚು ನಕ್ಕಿತು. ಹುಡುಗಿಯರೂ ನಕ್ಕರು.

ಮಂಗಳವಾರ, ಬುಧವಾರ, ಅದೇ.
ನಾನು ಬಾಯಿ ತೆರೆಯುವ ಮೊದಲೇ ಮಕ್ಕಳು “ಟ್ಯಾಂಕರ್!” ಅನ್ನತೊಡಗಿದರು.
ಮುಖ್ಯಾಧ್ಯಾಪಕರು ಚಹಾ ಹೀರುತ್ತ ಅಂದರು:
ಹೆಸರು ಕರೆಯೋದನ್ನ ಪಾವ್-ಭಾಜಿ ಆದಮೇಲೆ ಇಟ್ಕೊಳ್ಳಿ ಬಾಯಿ,
ಅಂಕಿ ಸುಧಾರಿಸ್ತದೆ.
ಅವರು ಅಂದದ್ದು ಸುಳ್ಳಲ್ಲ.
ನಾನು ಬೆಳಿಗ್ಗೆಯೇ ಕರೆದೆ.

ಗುರುವಾರ. “ನಂಬರ್ ಒಂದು.”
“ಹಾಜರ್ ರೀ.”
ದನಿ ಗುರುತಾಗಲಿಲ್ಲ; ಅಷ್ಟು ಕಡಿಮೆ ಕೇಳಿದ್ದೆ ಅದನ್ನು.
ಜಡೆ ನೆಟ್ಟಗಿತ್ತು. ಕೈ ಒಣಗಿತ್ತು.
ಎರಡು, ಮೂರು, ನಾಲ್ಕು ಎಂದು ಕರೆಯುತ್ತ ಹೋದೆ,
ಇಪ್ಪತ್ತೆಂಟಾಯಿತು.
ಇಪ್ಪತ್ತೊಂಬತ್ತು.

ಯಾರೂ ಓ ಅನ್ನಲಿಲ್ಲ.
ಅನಸವ್ವ ಕಿಟಕಿಯಾಚೆ ನೋಡುತ್ತಿದ್ದಳು
ತುಟಿ ಒಳಗೆ ಕಚ್ಚಿ;
ನಗು ತಡೆದಳೋ, ತುಂಬಿದ ಕೊಡ ಅರ್ಧ ದಾರಿಯಲ್ಲಿ
ಚೆಲ್ಲಿಯಾನೆಂಬ ದಿಗಿಲೋ.

ಅವನ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟೆ.
ಒಂಬತ್ತರ ಹೊತ್ತಿಗೆ ಬರುತ್ತಾನೆ,
ಚಡ್ಡಿ ಒದ್ದೆ ಮಾಡಿಕೊಂಡು.
ನಾಳೆ ಯಾರ ಪಾಳಿಯೋ.

ಮೂವತ್ತು, ಎಂದೆ.