ಬಾಬ್ತು: ಕಡಲ ದೀಪ

ತೆಪ್ಪದದಿನ್ನಿಯಿಂದ ಕಡಲು ಎಪ್ಪತ್ತು ಹರದಾರಿ.
ನಮ್ಮೂರಲ್ಲಿ ಅದನ್ನು ಕಂಡವನು ಒಬ್ಬನೇ,
ಹಜ್‌ಗೆ ಹೋಗಿ ಬಂದ ಪಿಂಜಾರ ಖಾದರಸಾಬ.
ಹೆಂಗದ ಅಂತ ಕೇಳಿದರೆ
“ಹೊಳಿನ ಅದು. ಆಚೀ ದಂಡಿ ಮರತದ” ಎನ್ನುತ್ತಿದ್ದ.

ಆದರೂ ರಾಯಚೂರಿನ ದಫ್ತರದಲ್ಲಿ
ಇಲಿ ತಿಂದು ಬಿಟ್ಟ ಕಡತವೊಂದರಲ್ಲಿ
ನಮ್ಮೂರು ಬಂದರು.
ನಮ್ಮಜ್ಜ, ಅಂಬಿಗರ ಜಿಂದಪ್ಪ,
ಕಡಲ ದೀಪದ ಕಾವಲುಗಾರ.
ತಿಂಗಳಿಗೆ ಹಾಲಿ ಸಿಕ್ಕ ಮೂರು ರೂಪಾಯಿ. ಎಣ್ಣೆ ಬೇರೆ.

ಆದದ್ದಿಷ್ಟು.
ಈಚೆ ನಿಜಾಮನ ಸೀಮೆ, ಆಚೆ ಇಂಗ್ಲಿಷರ ಬಳ್ಳಾರಿ,
ನಡುವೆ ತುಂಗಭದ್ರೆಯಲ್ಲಿ
ಮಿಂದು ಮಲಗಿದ ಎಮ್ಮೆಗಳ ಹಾಗೆ ಬಂಡೆ.
ರಾತ್ರಿ ಹರಗೋಲು ಬಡಿದು
ಆರು ಮಂದಿ ಹೋದರು, ಅರ್ಜಿ ಹೋಯಿತು.
ಏಳನೆಯವನು ತಹಶೀಲ್ದಾರರ ಅಳಿಯ.
ಜವಾಬು ಬಂತು.

ಮೂರಾಳೆತ್ತರದ ಕಲ್ಲಿನ ಗೂಡು ಎದ್ದಿತು.
ಎಣ್ಣೆ ಯಾವ ಲೆಕ್ಕಕ್ಕೆ?
ಗುಮಾಸ್ತ ವಹೀದುದ್ದೀನ ಹಗಲೆಲ್ಲ ಕಾಯ್ದೆ ಪುಸ್ತಕ ತಿರುವಿದ.
ಗುಡಿಗಿದೆ, ದರ್ಗಾಕ್ಕಿದೆ, ಜೇಲಿಗಿದೆ,
ಹೊಳೆಗಿಲ್ಲ.
ಕೊನೆಯ ಪುಟದಲ್ಲಿ ಸಿಕ್ಕಿತು: ಕಡಲ ದೀಪ.
ಕಡಲೇ ಇಲ್ಲದ ರಾಜ್ಯದಲ್ಲಿ
ಆ ಬಾಬ್ತು ಯಾರ ಕನಸೋ.
ಬರೆದ, ಮರಳು ಚೆಲ್ಲಿ ಮಸಿ ಒಣಗಿಸಿದ.

ವರ್ಷ ವರ್ಷ ಸವಾಲು ಬರುತ್ತಿತ್ತು:
ಹಾದುಹೋದ ಜಹಾಜು ಎಷ್ಟು?
ಅಜ್ಜ ಹೇಳಿ ಬರೆಸಿದ್ದು, ಹೆಬ್ಬೆಟ್ಟಿನ ಮೇಲೆ, ಹೀಗಿದೆ:
“ಹರಗೋಲು ನೂರಾ ನಾಕು. ಬೀಗರು ಭಾಳ.
ಬಸುರಿ ಒಬ್ಬಾಕಿ, ನಡುಹೊಳ್ಯಾಗ ಹಡದಾಳ, ಗಂಡು.
ಮೆಣಸಿನಕಾಯಿ ಚೀಲ. ಹೋರಿ ಒಂದು, ಈಸಿ ಬಂತು.
ಜಹಾಜು ಇನ್ನಾ ಬಂದಿಲ್ಲ.
ಬಂದ್ರ ತಿಳಸ್ತೀವಿ.”

ಆಮೇಲಿನ ಹಾಳೆಯಲ್ಲಿ ಒಂದೇ ಸಾಲು.
ಹುಕುಂ: ರಾತ್ರಿ ದೀಪ ಹಚ್ಚಕೂಡದು.
ಅದು ಕೂಸಿನ ಬಾಯಿಗೆ ಸೆರಗು ತುರುಕಿ
ಜನ ಹೊಳೆ ದಾಟಿದ ವರ್ಷ.
ಕೆಳಗೆ ಅಜ್ಜನ ಹೆಬ್ಬೆಟ್ಟು: ಆರಿಸಿದ್ದೇನೆ.

ಕಡತ ಇಲ್ಲಿ ಸುಮ್ಮನಾಗುತ್ತದೆ. ಉಳಿದದ್ದು ನನಗೆ ಅವ್ವ ಹೇಳಿದ್ದು.

ಅಜ್ಜಿ ಮಾರೆಮ್ಮ ಗೂಡಿಗೆ ಸುಣ್ಣ ಬಳಿದಳು,
ದಪ್ಪಗೆ, ಎರಡು ಸಲ.
ಬೆಳದಿಂಗಳಿಗೆ ಯಾರ ಹುಕುಂ?
ಅಮಾಸಿ ಹತ್ತಿರಾದಾಗ
ಬೀಸುವ ಕಲ್ಲನ್ನು ಗೂಡಿನ ಬುಡಕ್ಕೆ ಉರುಳಿಸಿದಳು.
ಜೋಳ ಬೀಸಿದಳು. ಕೋಳಿ ಕೂಗುವ ತನಕ.
ಬಂದೂಕಿನವರು ಬಂದು ಕೇಳಿದರು, ಕತ್ತಲಲ್ಲೇನು?
“ಬೀಸಾಕ ದೀಪ ಯಾಕಪಾ, ಕೈಗೇ ಕಣ್ಣದಾವ.”

ಹೊಳೆಯೊಳಗಿದ್ದವರಿಗೆ ಗೊತ್ತಿತ್ತು:
ಕಲ್ಲಿನ ದನಿ ಬೆನ್ನಿಗೆ ನೆಟ್ಟಗಿದ್ದರೆ ದಾರಿ ನೆಟ್ಟಗೆ.
ಎಡಗಿವಿಗೆ ಸರಿಯಿತೋ, ಹುಟ್ಟು ತಿರುವು, ಬಂಡೆ ಅದೆ.
ಬೆನ್ನಿಗೆ ಕಾಣುವ ದೀಪ ಅದು.
ಆ ಹಿಟ್ಟೆಲ್ಲ ಎಲ್ಲಿ ಹೋಯಿತು ಅಂತ
ಅವ್ವನನ್ನು ಕೇಳಿದ್ದೆ.
“ಹರಗೋಲಿಗೊಂದು ಗಂಟು” ಅಂದಳು,
ಒಲೆಯ ಕಡೆ ತಿರುಗಿ.

ಸರಕಾರ ಬದಲಾಯಿತು.
ಹೊಸ ಲೆಕ್ಕಾಧಿಕಾರಿ ನಕಾಶೆ ಬಿಡಿಸಿ ನೋಡಿ ಷರಾ ಬರೆದ:
ಸದರಿ ಗ್ರಾಮದಲ್ಲಿ ಸಮುದ್ರವಿರುವುದಿಲ್ಲ.
ಈವರೆಗೆ ಸುಟ್ಟ ಎಣ್ಣೆಯ ಹಣ ವಸೂಲು ಮಾಡತಕ್ಕದ್ದು.

ಅಜ್ಜ ಕಟ್ಟಿದ.
ಒಂದು ಕಂತಿಗೆ ಮೇಕೆ, ಒಂದಕ್ಕೆ ಹರಗೋಲಿನ ತೊಗಲು,
ಒಂದಕ್ಕೆ ಏನೋ, ರಸೀದಿ ಹರಿದಿದೆ.
ಸೇತುವೆ ಬಂದ ವರ್ಷ ತೀರಿಕೊಂಡ.
ಗೂಡು ಈಗಲೂ ಇದೆ. ಆಡಿನ ಹುಡುಗರು
ಅದರ ನೆರಳಲ್ಲಿ ಮೊಬೈಲು ನೋಡುತ್ತಾರೆ.

ಕಡತದ ಕೊನೆಗೆ, ಕೆಂಪು ಮಸಿಯಲ್ಲಿ:
ಬಾಕಿ ಮೂರು ರೂಪಾಯಿ ಎಂಟಾಣೆ.

ಕಟ್ಟಬಹುದಾ, ಅಂದೆ ಕಿಟಕಿಯಲ್ಲಿ.
ಕಂಪ್ಯೂಟರಿನಿಂದ ಕಣ್ಣೆತ್ತದೆ
ಹುಡುಗಿ ಕೇಳಿದಳು:
ಯಾವ ಬಾಬ್ತು?