ಹತ್ತಕ್ಕೆ ಸೊನ್ನೆ

ಪಾಠಯೋಜನೆಯ ಹಾಳೆಯಲ್ಲಿ ಮೊದಲ ಅಂಕಣ:
ಪ್ರೇರಣೆ. ಐದು ನಿಮಿಷ.
ಸ್ಕೇಲಿಟ್ಟು ಗೆರೆ ಎಳೆದಿದ್ದೇನೆ, ಹಸಿರು ಶಾಯಿಯಲ್ಲಿ.
ಆ ಗೆರೆಯೊಳಗೆ ಮೂವತ್ತೊಂದು ಮಕ್ಕಳಿಗೆ
ಕಲಿಯುವ ಆಸೆ ಹುಟ್ಟತಕ್ಕದ್ದು.

ಬೈನಾದ ಕನ್ನಡ ಶಾಲೆ. ಕಿಟಕಿಯ ಸರಳಿಗೆ
ಬಂದರಿನ ಕಲ್ಲಿದ್ದಲ ಪುಡಿ,
ನಿನ್ನೆ ಒರೆಸಿದ್ದು ನಿನ್ನೆಗಷ್ಟೇ.
ಯಾರೋ ದಾನ ಕೊಟ್ಟ ಆರು ಟ್ಯಾಬು
ಹೆಡ್ಮಾಸ್ತರ ಬೀರುವಿನಲ್ಲಿ, ಹಳೆ ಹಾಜರಿ ಪುಸ್ತಕಗಳ ನಡುವೆ
ಮಲಗಿದ್ದವು. ಎಬ್ಬಿಸಿ, ಚಾರ್ಜು ಕುಡಿಸಿ
ಐದೈದು ಮಂದಿಗೆ ಒಂದರಂತೆ ಹಂಚಿದೆ.
ಒಬ್ಬ ಉಳಿದ.
ಠಾವರ್ಯಾ. ಎಲ್ಲ ಭಾಗಾಕಾರದಲ್ಲೂ ಅವನೇ ಶೇಷ.
ಅವನ ಕೈಗೆ ನನ್ನ ಫೋನನ್ನೇ ಇಟ್ಟೆ.

ಪಾಠ: ತೇಲುವುದು ಮತ್ತು ಮುಳುಗುವುದು.
ಸರಿಯುತ್ತರ ಒತ್ತಿದರೆ ನಕ್ಷತ್ರ, ಚಪ್ಪಾಳೆ,
ಹೆಣ್ಣುದನಿಯೊಂದು: ಶಹಬ್ಬಾಸ್!
ತಪ್ಪು ಒತ್ತಿದರೆ ಕಪ್ಪೆ.
ವಟರ್.

ಹಿಂದಿನ ಬೆಂಚಿನಲ್ಲಿ ಕಾಲೇಜಿನ ಶಿರೋಡ್ಕರ್ ಮೇಡಂ,
ಮೊಣಕಾಲು ಹಿಡಿಸದೆ ಓರೆಯಾಗಿ ಕೂತವರು,
ಪೆನ್ನಿನ ಕ್ಯಾಪು ತೆಗೆದರು.
ಅವರಿಗೆ ಕನ್ನಡ ಬಾರದು.
ನನ್ನ ಪಾಠ ಅವರಿಗೆ ಬರೀ ಸದ್ದು:
ಒಂದೋ ಚಪ್ಪಾಳೆ, ಇಲ್ಲ ಕಪ್ಪೆ.

ಮೊದಲು ಚಪ್ಪಾಳೆ. ಆಮೇಲೂ ಚಪ್ಪಾಳೆ.
ಮೂರನೆಯ ನಿಮಿಷಕ್ಕೆ ಠಾವರ್ಯಾನ ಮೂಲೆಯಿಂದ
ವಟರ್.
ಮತ್ತೆ ವಟರ್.
ತಲೆಗಳು ತಿರುಗಿದವು. ನಕ್ಷತ್ರಗಳನ್ನು
ಕೇಳುವವರಿಲ್ಲ. ನೋಡನೋಡುತ್ತ
ಆರೂ ಟ್ಯಾಬು ಹೊಸ ನೀರು ಬಂದ ಕೆರೆ.
ಮೇಡಂ ಬರೆದುಕೊಳ್ಳುತ್ತಲೇ ಇದ್ದರು. ನನ್ನ ಕಿವಿ ಬಿಸಿ.

ಫೋನು ಕಸಿದು ನೋಡಿದೆ: ಹತ್ತಕ್ಕೆ ಸೊನ್ನೆ.
ಮೊಳೆ ತೇಲುತ್ತದಂತೆ. ಬೆಂಡು ಮುಳುಗುತ್ತದಂತೆ.
"ಏನೋ ಇದು?"
"ಕಪ್ಪಿ ಚಲೋ ಒದರ್ತೈತ್ರಿ ಟೀಚರ್.
ಆ ಅಕ್ಕ ಶಾಬಾಸ್ ಅನ್ನೂದು ಯಾವಾಗ್ಲೂ ಒಂದ ನಮೂನಿ,
ಕಪ್ಪಿ ಸಲಾ ಸಲಾ ಬ್ಯಾರೆ."

ಟೀಚರ್ ಅನ್ನುತ್ತಾರೆ. ನಾನಿನ್ನೂ ಆಗಿಲ್ಲ.
ಮೇಡಂ ಕೊಟ್ಟ ಚೀಟಿಯಲ್ಲಿ ಎರಡೇ ಸಾಲು:
ತಂತ್ರಜ್ಞಾನದ ಬಳಕೆ ಚೆನ್ನಾಗಿದೆ.
ಪ್ರೇರಣೆ ಸಾಲದು.

ಮಡಗಾಂವ್ ಬಸ್ಸಿನಲ್ಲಿ ಫೋನೂ ಒಂದು ಚೀಟಿ ಕಳಿಸಿತು,
ಕೆಂಪಕ್ಷರದಲ್ಲಿ: ಈ ವಿದ್ಯಾರ್ಥಿಗೆ ವಿಶೇಷ ನೆರವು ಬೇಕು.
ಆಗ ಹೊಳೆಯಿತು.
ನಾಲ್ಕರಲ್ಲೊಂದು ಸರಿ; ಕಣ್ಣು ಮುಚ್ಚಿ ಒತ್ತಿದರೂ
ಹತ್ತರಲ್ಲಿ ಎರಡೋ ಮೂರೋ ತಾವಾಗಿ ಬೀಳಬೇಕಿತ್ತು.
ಒಂದೂ ಬಿದ್ದಿಲ್ಲ.
ಹತ್ತೂ ತಪ್ಪಿಸುವವನಿಗೆ
ಹತ್ತೂ ಗೊತ್ತಿರಬೇಕು.

ಇದಕ್ಕೆ ಯಾವ ಅಂಕಣ?
ನನಗೆ ಹದಿನೇಳರ ಮಗ್ಗಿ ಬಂದದ್ದು ಹೇಗೆ?
ಲೆಕ್ಕ ಮುಗಿಸಿದವರಿಗೆ ಕಿಟಕಿಯ ಪಕ್ಕ ಜಾಗ ಸಿಗುತ್ತಿತ್ತು.
ದಾಬೋಳಿಗೆ ಇಳಿಯುವ ವಿಮಾನ ಅಲ್ಲಿಂದ
ಹೊಟ್ಟೆ ತೋರಿಸುತ್ತಿತ್ತು, ಚಕ್ರ ಇಳಿಬಿಡುತ್ತಿತ್ತು.
ಆ ಚಕ್ರಕ್ಕಾಗಿ ಕಲಿತೆ.
ಹೊನ್ನಕ್ಕ ಟೀಚರಿಗೆ ಅದು ಗೊತ್ತಿತ್ತೋ ಇಲ್ಲವೋ,
ಸ್ವಲ್ಪ ಗಾಳಿ ಬರಲಿ ಎಂದಷ್ಟೇ ಕೂರಿಸಿದ್ದರೇನೋ.

ಜೂನಿಗೆ ಕೆಲಸ ಸಿಕ್ಕರೆ ಸಿಕ್ಕೀತು.
ಠಾವರ್ಯಾನಿಗೆ ನಾಳೆ ಏನನ್ನಲಿ? ಶಹಬ್ಬಾಸ್ ಅಂದರೆ
ಒಂದೇ ನಮೂನಿಯವಳಾಗುತ್ತೇನೆ.

ಫೋನು ತೆರೆದು ನಾನೂ ಒತ್ತಿದೆ, ತಪ್ಪನ್ನೇ ಒತ್ತಬೇಕೆಂದು.
ರೂಢಿ. ಬೆರಳು ಸರಿಯುತ್ತರಕ್ಕೇ ಹೋಯಿತು.
ಚಪ್ಪಾಳೆ.
ಬಸ್ಸಿನಲ್ಲಿ ಯಾರೂ ತಿರುಗಲಿಲ್ಲ.

ಎರಡನೆಯ ಸಲ, ಯೋಚಿಸಿ, ಮೊಳೆಯನ್ನು ತೇಲಿಸಿದೆ.
ವಟರ್.

ಪಕ್ಕದ ಮೀನಿನವಳು ನಿದ್ದೆಯಿಂದೆದ್ದು
ಬುಟ್ಟಿಯ ಮುಚ್ಚಳ ಸರಿಸಿ
ಒಳಗೆ ಇಣುಕಿದಳು.