ಮೂರನೆಯ ಮೆಟ್ಟಿಲು

ಕಂಪನಿಯವರೇ,
ತ್ಬಿಲಿಸಿಯ ಸೊಲೊಲಾಕಿಯಿಂದ ತ್ಸಿಯಾಲಾ ಬರೆಯುವುದು.
ನಿಮ್ಮ ಲೆಕ್ಕದಲ್ಲಿ ನನಗೆ ಹೆಸರಿಲ್ಲ, ಹನ್ನೊಂದು ಅಂಕಿಗಳಿವೆ;
ಇರಲಿ, ಹೆಸರು ಹೇಳಲು ನಿಮ್ಮವರಿಗೆ ನಾಲಿಗೆಯೂ ತಿರುಗದು.

ಬಾಡಿಗೆಗೆ ಕೊಟ್ಟದ್ದು ನಾನು ಮಲಗುವ ಕೋಣೆಯನ್ನೇ.
ಯಾರಾದರೂ ಬಂದ ರಾತ್ರಿ, ಅಂಗಳದಾಚೆ
ತಂಗಿಯ ಅಡುಗೆಮನೆಯಲ್ಲಿ ನನ್ನ ಹಾಸಿಗೆ.
ಫ್ರಿಜ್ಜು ಗೊರಕೆ ಹೊಡೆಯುತ್ತದೆ, ನಾನು ಎದ್ದಿರುತ್ತೇನೆ.

ಫೋಟೋ ತೆಗೆದವನು ಅಣ್ಣನ ಮಗ ವಾಝಾ.
ಅಗಲದ ಲೆನ್ಸು; ಕೋಣೆ ಕುದುರೆ ಓಡಿಸುವಷ್ಟಾಯಿತು.
ಬಂದವರು ಬಾಗಿಲು ತೆಗೆದು ಒಂದು ಹೆಜ್ಜೆ ಇಟ್ಟರೆ
ಮೊಣಕಾಲಿಗೆ ಮಂಚ.
ಸುಳ್ಳು ಹೇಳಿದೆ, ಒಪ್ಪಿಕೊಳ್ಳುತ್ತೇನೆ.
ಆದರೆ ಇದ್ದಷ್ಟೇ ಅಳತೆಯ ಫೋಟೋ ಹಾಕಿದ್ದ ತಿಂಗಳು
ನೀವು ನನ್ನನ್ನು ಹದಿನಾಲ್ಕನೇ ಪುಟಕ್ಕೆ ತಳ್ಳಿದಿರಿ.
ಅಲ್ಲಿಗೆ ಯಾರು ಬರುತ್ತಾರೆ? ದೆವ್ವವೂ ಬರುವುದಿಲ್ಲ.

ಒಬ್ಬ ಬರೆದ: ಬೆಳಗ್ಗೆ ಏಳಕ್ಕೇ ಇಗರ್ಜಿಯ ಗಂಟೆ.
ಒಂದು ನಕ್ಷತ್ರ ಕಳೆದ.
ಗಂಟೆ ಎರಕ ಹೊಯ್ದವಳು ನಾನಲ್ಲ.
ಇನ್ನೊಬ್ಬಳು ಬರೆದಳು: ಬೆಕ್ಕು ನೋಡುತ್ತದೆ.
ನೋಡುತ್ತದೆ, ನಿಜ.
ಇಬ್ಬರೆಂದು ಹೇಳಿ ಒಂಬತ್ತು ಮಂದಿ ಬಂದು
ಅಮ್ಮನ ಜಮಖಾನಕ್ಕೆ ಕೆಂಪು ವೈನು ಕುಡಿಸಿ ಹೋದವನಿಗೆ
'ಒಳ್ಳೆಯ ಅತಿಥಿ' ಎಂದು ನಾನೇ ಬರೆದೆ,
ಅವನ ಬೆರಳ ತುದಿಗೆ ಹೆದರಿ.

ಹೋದ ಮಾರ್ಚಿಯ ಒಂದು ಮಂಗಳವಾರ, ರಾತ್ರಿ ಎರಡು.
ಪೊಜ್ನಾನಿನ ಬೋಗ್ನಾ, ಹೆಗಲ ಮೇಲೆ ನಿದ್ದೆಹೋದ ಮಗು.
ಬೀಗದ ಡಬ್ಬಿಗೆ ನಾಲ್ಕು ಅಂಕಿ ಒತ್ತಿದಳು, ತೆರೆಯಲಿಲ್ಲ.
ಹಳೆಯ ಅಂಕಿ ಕಳಿಸಿದ್ದು ನೀವೋ, ಬದಲಿಸಿ ಮರೆತದ್ದು ನಾನೋ,
ಇಂದಿಗೂ ಇತ್ಯರ್ಥವಾಗಿಲ್ಲ.
ನಿಮ್ಮ ಸಹಾಯವಾಣಿಗೆ ಹಚ್ಚಿದಳು.
'ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ' ಎಂದಿತು ಯಂತ್ರ.
ಏಳು ಸಲ ಅರ್ಥವಾಯಿತು ಅದಕ್ಕೆ.

ಬಾಗಿಲು ತೆರೆದವಳು ಕೆಳಮನೆಯ ಜುಜುನಾ,
ಎಪ್ಪತ್ತೊಂಬತ್ತರ ಮುದುಕಿ, ಸತ್ತ ಗಂಡನ ಕೋಟು, ಒಂದು ಟಾರ್ಚು,
ಬಾಯಲ್ಲಿ ನಿದ್ದೆಗೆಟ್ಟ ಬೈಗುಳ, ಕೈಯಲ್ಲಿ ಮಗುವಿಗೆ ಕಂಬಳಿ.
ದಿನವೂ ಅವಳ ಕಿಟಕಿಯ ಕೆಳಗೇ
ಸೂಟ್‌ಕೇಸಿನ ಗಾಲಿಗಳು ಕಲ್ಲುಹಾಸಿನ ಮೇಲೆ ಗಡಗಡ.
ಅವಳ ಬಳಿ ಕೊಡಲು ನಕ್ಷತ್ರವಿಲ್ಲ, ಕಳೆಯಲೂ ಇಲ್ಲ.

ಚಹಾ ಕುಡಿಯುತ್ತ ಬೋಗ್ನಾ ತನ್ನ ರಸೀದಿ ತೋರಿಸಿದಳು, ನಾನು ನನ್ನದು.
ಮೇಜಿನ ಮೇಲೆ ಎರಡೂ ಅಕ್ಕಪಕ್ಕ.
ಅವಳು ತೆತ್ತದ್ದು ಇನ್ನೂರ ಹತ್ತು ಲರಿ,
ನನಗೆ ಬಂದದ್ದು ನೂರ ನಲವತ್ತು.
ಅಲ್ಲಿಯವರೆಗೆ ನಾನು ಅವಳಿಗೆ ದುರಾಸೆಯವಳು,
ಅವಳು ನನಗೆ ಜುಗ್ಗಿ.
ನಡುವಿನ ಎಪ್ಪತ್ತು
ಕಲಕಿದ ಸಕ್ಕರೆಯ ಹಾಗೆ, ಇಬ್ಬರಿಗೂ ಕಾಣದೆ
ಇನ್ಯಾರ ಬಾಯಿಗೋ ಸಿಹಿ.

ಕೇಳುವುದು ದೊಡ್ಡದೇನಲ್ಲ.
ಎರಡು ರಸೀದಿಯನ್ನೂ ಇಬ್ಬರಿಗೂ ತೋರಿಸಿ.
ರಾತ್ರಿ ಎರಡಕ್ಕೆ ಫೋನಿನ ಆ ತುದಿಗೆ
ಒಬ್ಬ ಮನುಷ್ಯನನ್ನು ಕೂರಿಸಿ; ಆಕಳಿಸಲಿ, ಪರವಾಗಿಲ್ಲ.
ಕೋಣೆ ಚಿಕ್ಕದು ಎಂದು ಮೊದಲೇ ಹೇಳಿದವಳನ್ನು
ಹಿಂದಿನ ಪುಟಕ್ಕೆ ಅಟ್ಟಬೇಡಿ.
ಮತ್ತೆ, ಒಮ್ಮೆ ಬಂದು ಜುಜುನಾಳ ಕಿಟಕಿಯನ್ನೂ ಬಡಿಯಿರಿ.
ಅವಳ ಬಳಿ ಹೇಳುವುದು ಬಹಳ ಇದೆ,
ಕುರ್ಚಿ ಬೇಕಾದೀತು.

ಬೋಗ್ನಾ ನಾಲ್ಕು ಕೊಟ್ಟಳು.
'ಮನೆ ಬೆಚ್ಚಗಿದೆ. ಮೂರನೆಯ ಮೆಟ್ಟಿಲು ಅಲುಗುತ್ತದೆ.'
ಮರುದಿನವೇ ನಿಮ್ಮ ಎಚ್ಚರಿಕೆ: ಗುಣಮಟ್ಟ ಕುಸಿದಿದೆ.
ಕುಸಿದದ್ದು ಮೆಟ್ಟಿಲು, ಸ್ವಾಮಿ.
ಅವಳು ಆಡಿದ್ದು ದೂರಲ್ಲ, ಬರೀ ಮಾತು;
ಮಾತನ್ನು ಕಾಯಿಸಿ ನೀವು ಬರೆ ಎಳೆದಿರಿ.

ಬಡಗಿ ಗೂರಮ್ ಬಂದ. ಒಂದು ಹಲಗೆ, ಆರು ಮೊಳೆ.
ನಕ್ಷತ್ರ ಮರಳಲಿಲ್ಲ.
ಒಂಬತ್ತು ವರ್ಷದಿಂದ ಅದನ್ನೇ ಹೇಳುತ್ತಿದ್ದ ಜುಜುನಾ
ಈಗ ಗೋಡೆ ಹಿಡಿಯದೆ ಹತ್ತಿ ಬರುತ್ತಾಳೆ,
ಕಂಬಳಿ ವಾಪಸು ಕೇಳಲು.